ಕರಡಿ ಕೀಳದೆ ಬಿಟ್ಟ ಗೊಂಚಲುಗಳು

ಮಕ್ಕಳೇ, ಈ ಕತೆಯಲ್ಲಿ ನಗು ಕಮ್ಮಿ. ಮೊದಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ನನ್ನ ಮೇಲೆ ಮುನಿಸಿಕೊಳ್ಳಬೇಡಿ.

ಕುರುಚಲು ಕಾಡಿನ ಅಂಚಿಗೆ, ಹಳ್ಳದ ದಂಡೆಯ ಮೇಲೆ ಒಂದು ದ್ರಾಕ್ಷಿ ಚಪ್ಪರವಿತ್ತು. ಅದನ್ನು ನೆಟ್ಟು ಬೆಳೆಸಿದ್ದು ದಾಸಜ್ಜ ಎಂಬ ಕರಿಮೂತಿಯ ಮುಸಿಯ ಕೋತಿ. ವಯಸ್ಸಾಗಿ ಅಜ್ಜನ ಕಣ್ಣು ಮಂಜಾದವು, ಹಲ್ಲೆಲ್ಲ ಉದುರಿದವು. ಚಪ್ಪರ ಹತ್ತುವ ಶಕ್ತಿಯೂ ಉಳಿಯಲಿಲ್ಲ. ಹಾಗಾಗಿ ತೋಟವನ್ನು ಬೊಮ್ಮವ್ವ ಎಂಬ ಕರಡಿಗೆ ಒಪ್ಪಿಸಿದ.

"ತೋಟ ಇನ್ನು ನಿನ್ನದೇ ಕಣವ್ವಾ. ನನಗೆ ಒಂದೇ ಒಂದು ಆಸೆ. ಹಣ್ಣು ಕಚ್ಚೋಣವೆಂದರೆ ಹಲ್ಲಿಲ್ಲ. ಈ ಸಲದ ದ್ರಾಕ್ಷಿ ಹಿಂಡಿ ಒಂದು ಗಡಿಗೆ ವೈನ್ ಮಾಡಿಕೊಡು. ಕಣ್ಣು ಮುಚ್ಚುವ ಮೊದಲು ನಾನು ನೆಟ್ಟ ಬಳ್ಳಿಯ ರುಚಿ ಇನ್ನೊಮ್ಮೆ ನೋಡಬೇಕು" ಎಂದ ಅಜ್ಜ.

"ಒಂದೇಕೆ ಅಜ್ಜಾ, ಹತ್ತು ಗಡಿಗೆ ಮಾಡಿಕೊಡ್ತೀನಿ!" ಎಂದಳು ಬೊಮ್ಮವ್ವ.

ಚಳಿಗಾಲಕ್ಕೆ ಬಳ್ಳಿಯ ತುಂಬ ಹಸಿರು ಗೊಂಚಲು. ಅಜ್ಜ ಕೆಳಗಿನಿಂದಲೇ ಕೂಗಿ ಹೇಳಿದ: "ಬಳ್ಳಿಯ ಒಂದೊಂದು ಕಡ್ಡಿಗೆ ಒಂದೇ ಗೊಂಚಲು ಬಿಡು, ಉಳಿದದ್ದು ಕಿತ್ತುಹಾಕು. ಸುತ್ತಲಿನ ಎಲೆಯನ್ನೂ ತೆಗೆ, ಗಾಳಿ ಬಿಸಿಲು ಆಡಲಿ. ಹಾಗೆ ಮಾಡಿದರೆ ಮೋಡ ಕಟ್ಟುವ ಮೊದಲೇ ಸಿಹಿ ತುಂಬುತ್ತೆ. ಶಿವರಾತ್ರಿಗೆ ಕೊಯ್ಲು ಮಾಡಬಹುದು."

ಬೊಮ್ಮವ್ವ ಚಪ್ಪರ ಹತ್ತಿ ಒಂದು ಗೊಂಚಲಿಗೆ ಕೈ ಹಾಕಿದಳು. ಕೀಳಲು ಮನಸ್ಸೇ ಬರಲಿಲ್ಲ. 'ಎರಡು ಪಟ್ಟು ಹಣ್ಣಾದರೆ ಎರಡು ಪಟ್ಟು ವೈನ್! ಈ ಅಜ್ಜನಿಗೆ ಅರಳುಮರಳು' ಎಂದುಕೊಂಡು ಒಂದನ್ನೂ ಮುಟ್ಟದೆ ಇಳಿದಳು.

"ಕಿತ್ತೆಯಾ ತಾಯೀ?"

"ಕಿತ್ತೆ ಅಜ್ಜಾ."

ಅಜ್ಜನಿಗೆ ಕಣ್ಣು ಕಾಣುತ್ತಿರಲಿಲ್ಲವಲ್ಲ, ಪಾಪ, ನಂಬಿದ. ಈ ಮಾತು ಹೇಳುವಾಗ ನನಗೇ ಬೇಸರವಾಗುತ್ತದೆ.

ಪಕ್ಕದಲ್ಲಿ ನಿಂಗಿ ಎಂಬ ಮುಂಗುಸಿಯ ಎರಡೇ ಎರಡು ಬಳ್ಳಿಗಳಿದ್ದವು. ಅವಳು ಅಜ್ಜನ ಮಾತಿನಂತೆ ಹೆಚ್ಚಿನ ಗೊಂಚಲು ಕಿತ್ತು, ಎಲೆ ಸವರಿದ್ದಳು. "ಬೊಮ್ಮಕ್ಕಾ, ನಿನ್ನ ಚಪ್ಪರದ ಕೆಳಗೆ ಹಗಲಲ್ಲೇ ಕತ್ತಲೆ! ಎಲೆನಾದ್ರೂ ತೆಗಿಯೇ" ಎಂದಳು.

"ನಿನ್ನ ಬೋಳು ಬಳ್ಳಿ ನೀನು ನೋಡ್ಕೊಳ್ಳೇ, ದೊಡ್ಡದಾಗಿ ಹೇಳೋಕೆ ಬಂದ್ಬಿಟ್ಲು!" ಎಂದು ಬೊಮ್ಮವ್ವ ಮೂತಿ ತಿರುವಿದಳು.

ಶಿವರಾತ್ರಿ ಬಂತು. ನಿಂಗಿ ಒಂದೇ ಬೆಳಗ್ಗೆ ಕೊಯ್ಲು ಮುಗಿಸಿದಳು. ಬೊಮ್ಮವ್ವ ತನ್ನದೊಂದು ಹಣ್ಣು ಬಾಯಿಗೆ ಹಾಕಿದರೆ, ಅಬ್ಬಾ, ಹುಳಿ! ಒಂದು ಬಳ್ಳಿಯ ಸತ್ವ ಅಷ್ಟೊಂದು ಗೊಂಚಲಿಗೆ ಹಂಚಿಹೋಗಿತ್ತು. ಇನ್ನೆಂಟು ದಿನ ನೋಡೋಣ ಎಂದಳು. ಎಂಟು ಹದಿನಾರಾಯಿತು.

"ಯಾಕವ್ವಾ ಇಷ್ಟು ತಡ?" ಎಂದ ಅಜ್ಜ.

"ಈ ವರ್ಷ ಚಳಿ ಜಾಸ್ತಿ ಅಜ್ಜಾ" ಎಂದಳು. ಮತ್ತೊಂದು ಸುಳ್ಳು.

ಹದಿನೇಳನೆಯ ದಿನ ಮೋಡ ಕವಿಯಿತು. ಎರಡು ದಿನ ಬಿಟ್ಟೂಬಿಡದೆ ಮಳೆ ಹೊಡೆಯಿತು. ನೀರು ಕುಡಿದ ಹಣ್ಣು ಬಿರಿದವು. ದಟ್ಟ ಎಲೆಯ ಕೆಳಗೆ ತೇವ ಆರಲಿಲ್ಲ. ಮೂರನೆಯ ದಿನ ನೋಡಿದರೆ ಗೊಂಚಲು ಗೊಂಚಲಿಗೂ ಬೂಷ್ಟು. ಆರಿಸಿ ಆರಿಸಿ ಹಿಂಡಿದ ರಸವೂ ಗಬ್ಬುನಾತ ಹೊಡೆದು ಹಳ್ಳದ ಪಾಲಾಯಿತು.

ನಿಂಗಿ ತನ್ನ ವೈನಿನಲ್ಲಿ ಒಂದು ಬಟ್ಟಲು ಅಜ್ಜನಿಗೆ ತಂದುಕೊಟ್ಟಳು. ಅಜ್ಜ ಗುಟುಕರಿಸಿ, "ಚೆನ್ನಾಗಿದೆ ಮಗಳೇ. ಆದರೆ ಇದು ನನ್ನ ಬಳ್ಳಿಯದಲ್ಲ" ಎಂದು ಬಟ್ಟಲು ಕೆಳಗಿಟ್ಟ.

ಬೊಮ್ಮವ್ವನಿಗೆ ತಡೆಯಲಾಗಲಿಲ್ಲ. "ಅಜ್ಜಾ, ನಾನು ಒಂದು ಗೊಂಚಲನ್ನೂ ಕೀಳಲಿಲ್ಲ. ಸುಳ್ಳು ಹೇಳಿದೆ" ಎಂದು ಗೊಳೋ ಎಂದು ಅತ್ತಳು.

ಅಜ್ಜ ಬೈಯಲಿಲ್ಲ. "ಅವತ್ತೇ ಹೇಳಿದ್ದರೆ ನಿಂಗಿಯ ಕೈಲಿ ಕೀಳಿಸುತ್ತಿದ್ದೆನಲ್ಲವ್ವಾ" ಎಂದಷ್ಟೇ ಹೇಳಿದ.

ಮುಂದಿನ ಚಳಿಗಾಲದಲ್ಲಿ ಬೊಮ್ಮವ್ವ ಹೆಚ್ಚಿನ ಗೊಂಚಲುಗಳನ್ನು ಒಂದೊಂದಾಗಿ ತಾನೇ ಕಿತ್ತಳು, ಎಲೆ ಸವರಿದಳು. ಶಿವರಾತ್ರಿಗೆ ಸರಿಯಾಗಿ ಹಣ್ಣು ಜೇನಾಯಿತು. ಅಂಥ ವೈನ್ ಆ ಕಾಡಿನಲ್ಲಿ ಯಾರೂ ಮಾಡಿರಲಿಲ್ಲ. ಆದರೆ ದಾಸಜ್ಜ ಮಳೆಗಾಲದಲ್ಲೇ ತೀರಿಹೋಗಿದ್ದ. ಬೊಮ್ಮವ್ವ ತುಂಬಿದ ಗಡಿಗೆ ಎತ್ತಿಕೊಂಡು ಅವನು ಕೂರುತ್ತಿದ್ದ ಮರದವರೆಗೂ ಹೋದಳು, ಯಾರಿಗೆ ಕೊಡುವುದೆಂದು ತಿಳಿಯದೆ ಹಾಗೇ ನಿಂತಳು.

ನೀತಿ: ಆಸೆಗೆ ಬಿದ್ದು ಮಾಡಬೇಕಾದ ಕೆಲಸ ಬಿಟ್ಟರೆ ಆಗುವ ತಪ್ಪು ಒಂದೇ; ಆದರೆ ಅದನ್ನು ಮುಚ್ಚಿಟ್ಟರೆ ತಿದ್ದಿಕೊಳ್ಳುವ ಸಮಯವೂ ಕಳೆದುಹೋಗುತ್ತದೆ.