ಬಂಡೆಯ ಮೇಲಿನ ನವಿಲು

ಜಿಂಕೆಮರಿಗಳಿಗೆ ಪಾಠ ಹೇಳುವ ಕರಿಮೋರೆಯ ಕೋತಿ ಮುಸುವಜ್ಜ ದಿನವೂ ಮರದ ಮೇಲಿಂದ ಕೇಳುತ್ತಿದ್ದ: “ದೂರದ ಬಂಡೆಯ ಮೇಲೆ ಯಾರಿದ್ದಾರೆ?” ಸದಾ ತಲೆ ತಗ್ಗಿಸಿ ಇರುವೆಸಾಲು ನೋಡುವ ಮರಿ ಚುಕ್ಕಿಯೇ ಎಲ್ಲರಿಗಿಂತ ಮೊದಲು “ನವಿಲು” ಎನ್ನುತ್ತಿದ್ದಳು. ನವಿಲು ದಿನವೂ ಕೂರುವುದು ಅಲ್ಲೇ ತಾನೆ!

ಅವಳು ಕಣ್ಣು ಕಿರಿದು ಮಾಡುವುದನ್ನು ಅಜ್ಜ ಗಮನಿಸಿದ. ಒಂದು ಬೆಳಿಗ್ಗೆ ನವಿಲನ್ನು ತನ್ನ ಬೆನ್ನ ಹಿಂದೆ ಅಡಗಿಸಿಕೊಂಡು ಅದೇ ಪ್ರಶ್ನೆ ಕೇಳಿದ.

“ನವಿಲು” ಎಂದಳು ಚುಕ್ಕಿ.

ಅಜ್ಜನ ಹಿಂದಿನಿಂದ ನವಿಲು ಇಣುಕಿತು. ಚುಕ್ಕಿಯ ಮುಖ ಚಿಕ್ಕದಾಯಿತು.

“ಮಗಳೇ, ಇವತ್ತು ನಿನ್ನ ಕಣ್ಣಿಗೆ ದೂರದ ಬಂಡೆ ಮಸುಕು. ಹೀಗೇ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಹತ್ತಿರದ ಪೊದೆಯೂ ಮಸುಕು. ಇರುವೆ ನೋಡಿದ್ದು ಸಾಕು, ಬಯಲಲ್ಲಿ ದೂರ ನೋಡುತ್ತ ಆಡು. ಚಿರತೆ ಕಂಡರೆ ನಾನು ಕೂಗುತ್ತೇನೆ, ಆ ಕೂಗು ಕೇಳುವಷ್ಟು ಹತ್ತಿರದಲ್ಲಿರು.”

ಚುಕ್ಕಿ ತಲೆಯೆತ್ತಿದಳು. “ನಿಮ್ಮ ಉಪಕಾರ ಮರೆಯುವುದಿಲ್ಲ ಅಜ್ಜ. ನನ್ನ ಸುಳ್ಳನ್ನು ಚಿರತೆಗಿಂತ ಮೊದಲು ನೀವು ಕಂಡುಹಿಡಿದಿರಿ.”