ಮಗುಚಿದ ಮೀನು

ಹೊಳೆಯ ದಂಡೆಯಲ್ಲಿ ಮೀನುಗಳ ಅಧ್ಯಯನಕ್ಕೊಂದು ಕೇಂದ್ರವಿತ್ತು. ಅದನ್ನು ಯಾರೂ ಆಶ್ರಮ ಅನ್ನುತ್ತಿರಲಿಲ್ಲ. ಆದರೂ ಬೋರಲಿಂಗಯ್ಯ ಮೇಷ್ಟ್ರ ಕೋಣೆಗೆ ಎಲ್ಲರೂ ಚಪ್ಪಲಿ ಬಿಟ್ಟೇ ಹೋಗುತ್ತಿದ್ದರು.

ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಯಾವ ತಿಂಗಳಲ್ಲಿ ಎಷ್ಟು ಬಲಿಯುತ್ತದೆ ಎಂದು ನೋಡುವುದು ಅಲ್ಲಿನ ಕೆಲಸ. ಲವಂಗದೆಣ್ಣೆ ಬೆರೆಸಿದ ನೀರಿನಲ್ಲಿ ಮೀನಿಗೆ ಮಂಪರು ಬರಿಸಿ, ಹೊಟ್ಟೆಯನ್ನು ಉಗುರಿನಷ್ಟು ಕೊಯ್ದು, ನೋಡಿ, ಹೊಲಿದು, ಎಚ್ಚರಿಸಿ, ತೊಟ್ಟಿಗೆ ಬಿಡಬೇಕು.

ಶಿಷ್ಯೆ ನೀಲಾ ಸೇರಿದ ಮೊದಲ ದಿನವೇ ಕೈ ಚಾಚಿದಳು.

"ಮೀನು ಮಲಗಿತು ಮೇಷ್ಟ್ರೇ. ಬ್ಲೇಡು ಕೊಡಿ."

ಬೋಗುಣಿಯಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು.

"ಬಾಲದ ಬುಡ ಚಿವುಟು."

ಚಿವುಟಿದಳು. ಮೀನು ಪಟಪಟ ಬಡಿದು ಅವಳ ಮುಖಕ್ಕೆಲ್ಲ ನೀರೆರಚಿತು.

"ಮಗುಚಿಕೊಂಡಿದ್ದೆಲ್ಲ ಮಲಗಿದ್ದಲ್ಲ," ಎಂದರು ಮೇಷ್ಟ್ರು.

ಅಂದಿನಿಂದ ನಾಲ್ಕು ವರ್ಷ ಅವಳಿಗೆ ಒಂದೇ ಕೆಲಸ. ಹೊಲಿಗೆ ಮುಗಿದ ಮೀನನ್ನು ಎರಡೂ ಕೈಯಲ್ಲಿ ಹಿಡಿದು, ಕಿವಿರಿಗೆ ನೀರು ಹಾಯುವಂತೆ ತಿಳಿನೀರಿನಲ್ಲಿ ಮುಂದಕ್ಕೆ ನಡೆಸುವುದು, ಅದು ತಾನೇ ಕೈ ಬಿಡಿಸಿಕೊಂಡು ಹೋಗುವವರೆಗೆ. ಜೊತೆಗಿದ್ದವರೆಲ್ಲ ಡಾಕ್ಟರೇಟು ಮುಗಿಸಿ ಹೊರಟರು. ಇವಳು ಮೀನು ಎಬ್ಬಿಸುವವಳಾಗಿಯೇ ಉಳಿದಳು. ಸಿಟ್ಟು ಬರದೆ ಇರುತ್ತದೆಯೇ?

"ಬ್ಲೇಡು ಯಾವಾಗ ಕೊಡ್ತೀರಿ ಮೇಷ್ಟ್ರೇ?"

"ನೀನು ಬೇಡ ಅಂದಾಗ."

ಆ ಉತ್ತರ ಅವಳಿಗೆ ಒಂದಿಷ್ಟೂ ಹಿಡಿಸಲಿಲ್ಲ.

ಒಂದು ಬೆಳಿಗ್ಗೆ ಕೇಂದ್ರದ ನಿರ್ದೇಶಕರು ಬಂದರು, ಬೂಟು ಹಾಕಿಕೊಂಡೇ.

"ಮಧ್ಯಾಹ್ನ ದೆಹಲಿಯಿಂದ ತಪಾಸಣೆಯವರು ಬರ್ತಾರೆ. ಅಷ್ಟರಲ್ಲಿ ತೊಟ್ಟಿಯ ನಲವತ್ತೂ ಮೀನು ಕೊಯ್ದು ನೋಡಿ ಆಗಿರಬೇಕು. ಒಂದೊಂದಕ್ಕೂ ಹೀಗೆ ಕಾಯ್ತಾ ಕೂತ್ರೆ ಆಯ್ತು ನಮ್ಮ ಕಥೆ."

ಮೇಷ್ಟ್ರು ಬ್ಲೇಡು ತೆಗೆದು ನೀಲಾಳ ಕೈಗಿಟ್ಟರು. ಬೋಗುಣಿಯಲ್ಲಿ ಮೊದಲ ಮೀನು ಆಗಲೇ ಹೊಟ್ಟೆ ಮೇಲಾಗಿತ್ತು.

"ಮಗುಚಿಕೊಂಡಿದೆಯಲ್ಲ, ಇನ್ನೇನಮ್ಮ? ಕೊಯ್ಯಿ," ಎಂದರು ನಿರ್ದೇಶಕರು.

ಅವಳು ಬಾಲದ ಬುಡ ಚಿವುಟಿದಳು. ಬಾಲ ಸಣ್ಣಗೆ ಅದುರಿತು.

"ಇದಕ್ಕಿನ್ನೂ ಎಚ್ಚರ ಇದೆ ಸರ್. ಕೊಯ್ಯಲ್ಲ."

"ಮೀನಿಗೇನು ಬಾಯಿದೆಯಾ, ಕೂಗೋಕೆ?"

"ನನಗಿದೆ."

"ನಿನ್ನ ಪ್ರಬಂಧಕ್ಕೆ ಸಹಿ ಹಾಕೋನು ನಾನು. ನೆನಪಿರಲಿ."

"ನೆನಪಿದೆ ಸರ್. ಹಾಕದಿದ್ರೆ ಬೇಡ. ಈ ಬ್ಲೇಡೂ ಬೇಡ."

ಮೇಜಿನ ಮೇಲೆ ಇಟ್ಟೇಬಿಟ್ಟಳು. ಭಯವಾಗಿತ್ತು. ಆದರೂ ಕೈ ಮತ್ತೆ ಅತ್ತ ಹೋಗಲಿಲ್ಲ.

ನಿರ್ದೇಶಕರು ಮೇಷ್ಟ್ರ ಕಡೆ ತಿರುಗಿದರು. "ಹಾಗಾದ್ರೆ ನೀವೇ ಕೊಯ್ಯಿರಿ."

ಮೇಷ್ಟ್ರು ಬ್ಲೇಡನ್ನು ತೊಳೆದು, ಒರೆಸಿ, ಮತ್ತೆ ನೀಲಾಳ ಮುಂದೆಯೇ ಇಟ್ಟರು. ಆಮೇಲೆ ಎರಡು ಸ್ಟೂಲು ಎಳೆದು ಒಂದರ ಮೇಲೆ ತಾವು ಕೂತರು.

"ಇನ್ನು ಇದು ಅವಳದು ಸರ್. ಮೀನು ಮಲಗಿತು ಅಂತ ಅವಳು ಹೇಳೋವರೆಗೆ ನಾವಿಬ್ಬರೂ ಕಾಯೋಣ. ಬೂಟು ಹೊರಗೆ ಬಿಟ್ಟು ಬಂದು ಕೂತ್ಕೊಳ್ಳಿ."