ಗೀಜಗನ ಗೂಡಿಗೆ ಬಳ್ಳಿ ಬಿಗಿಸಿದ ಕೆಂಬೂತ

ಒಂದು ಕಾಡಿನ ಕೆರೆಯ ಮೇಲೆ ಜಾಲಿಮರವೊಂದು ಬಾಗಿ ನಿಂತಿತ್ತು. ಮರದ ತುಂಬ ಗೀಜಗನ ಗೂಡುಗಳು. ಒಂದೊಂದು ಗೂಡೂ ತನ್ನದೇ ರೆಂಬೆಯ ತುದಿಗೆ ಜೋತಾಡುತ್ತಿತ್ತು. ಮೊಟ್ಟೆ ಇಡುವ ಗುಳಿ, ಮೆತ್ತಿದ ಹಸಿಮಣ್ಣು, ಕೂಡಿಟ್ಟ ಕಾಳು, ಕೆಳಕ್ಕೆ ಇಳಿದ ಬಾಗಿಲು, ಎಲ್ಲವೂ ಆಯಾ ಗೂಡಿನಲ್ಲೇ. ಬಾಗಿಲು ಹರಿದರೆ ಆ ಮನೆಯವರು ನೇಯ್ದುಕೊಳ್ಳುತ್ತಿದ್ದರು. ಪಕ್ಕದ ಮನೆಗೆ ಗೊತ್ತೂ ಆಗುತ್ತಿರಲಿಲ್ಲ.

ದಡದ ಪೊದೆಯಲ್ಲಿ ಒಂದು ಕೆಂಬೂತ ಇದ್ದ. ಎಲ್ಲರೂ ಅವನನ್ನು ಕೆಂಬೂತ ಮಾವ ಎನ್ನುತ್ತಿದ್ದರು. ಅವನಿಗೆ ಮೊಟ್ಟೆ ಎಂದರೆ ಪ್ರಾಣ. ಆದರೆ ಮೈ ಭಾರ. ಜಾಲಿಯ ತೆಳ್ಳನೆಯ ರೆಂಬೆ ಅವನನ್ನು ಹೊರುತ್ತಿರಲಿಲ್ಲ. ಕುಳಿತು ನೋಡುವುದಷ್ಟೇ ಅವನ ಪಾಲಿಗೆ.

ಒಂದು ದಿನ ಬಿರುಗಾಳಿ ಬಂತು. ದರ್ಭಯ್ಯನೆಂಬ ಎಳೆಯ ಗೀಜಗನ ಗೂಡು ಕಳಚಿ ಬಿತ್ತು. ಅದೃಷ್ಟಕ್ಕೆ ಒಳಗೆ ಮೊಟ್ಟೆ ಇರಲಿಲ್ಲ. ಹೆಂಡತಿ ನವಣಕ್ಕ ಮಾತ್ರ ಬಿಡಲಿಲ್ಲ.

"ಗಂಟು ಹಾಕಲು ಬಾರದವನಿಗೆ ಮದುವೆ ಬೇರೆ!"

ದರ್ಭಯ್ಯ ಇನ್ನೊಂದು ಗೂಡು ನೇಯ್ದ. ನವಣಕ್ಕ ಅದರಲ್ಲಿ ಮೊಟ್ಟೆ ಇಟ್ಟಳು. ಅವಳ ಮೊದಲ ಮೊಟ್ಟೆಗಳು. ದರ್ಭಯ್ಯನಿಗೆ ಗಾಳಿ ಬೀಸಿದಾಗಲೆಲ್ಲ ಎದೆ ಹಾರುತ್ತಿತ್ತು.

ಕೆಂಬೂತ ಮಾವ ಮರದ ಬುಡಕ್ಕೆ ಬಂದ.

"ಯಾಕಪ್ಪ ಹೆದರುತ್ತೀ? ಗೂಡುಗಳನ್ನೆಲ್ಲ ಬಳ್ಳಿಯಿಂದ ಒಂದಕ್ಕೊಂದು ಬಿಗಿದುಬಿಡಿ. ಆಮೇಲೆ ಯಾವ ಗಾಳಿ ಏನು ಮಾಡೀತು?"

"ನೀನು ಮೊಟ್ಟೆ ತಿನ್ನುವವನಲ್ಲವೇ, ಮಾವ?"

"ಅದೆಲ್ಲ ಬಿಟ್ಟೆ. ವಯಸ್ಸಾಯಿತು. ಈಗ ಮಿಡತೆಯೇ ಜೀರ್ಣವಾಗುವುದಿಲ್ಲ."

ಗೀಜಗಗಳು ನಂಬಿದವು. ಬಳ್ಳಿ ತಂದು ಬಿಗಿದವು. ಗೂಡುಗಳ ಅಲುಗಾಟ ನಿಂತಿತು. ಎಲ್ಲರಿಗೂ ಖುಷಿ. ಮಾವ ಮತ್ತೆ ಬಂದ.

"ಇನ್ನೊಂದು ಮಾತು. ಪ್ರತಿ ಮನೆಯಲ್ಲೂ ಎಲ್ಲವೂ ಯಾಕೆ? ಮೊಟ್ಟೆಗಳೆಲ್ಲ ನಡುವಿನ ಗೂಡಿಗೆ ಹೋಗಲಿ. ಕಾಳೆಲ್ಲ ಒಂದರಲ್ಲಿ. ಮಣ್ಣೆಲ್ಲ ಇನ್ನೊಂದರಲ್ಲಿ. ಎಷ್ಟು ಅಚ್ಚುಕಟ್ಟು!"

ಅದಕ್ಕೂ ಒಪ್ಪಿದರು. ಸೀಗಜ್ಜಿ ಎಂಬ ಮುದುಕಿ ಮಾತ್ರ ಬಳ್ಳಿಗೂ ಒಪ್ಪಿರಲಿಲ್ಲ, ಇದಕ್ಕೂ ಒಪ್ಪಲಿಲ್ಲ.

"ನನ್ನ ಮೊಟ್ಟೆ ನನ್ನ ಮನೆಯಲ್ಲಿ. ನನ್ನ ಮನೆ ನನ್ನ ರೆಂಬೆಯಲ್ಲಿ. ಹೋಗಿ."

"ಅಜ್ಜಿಗೆ ಜಂಬ," ಎಂದು ಎಲ್ಲರೂ ನಕ್ಕರು.

ಪೇಚಾಟ ಮರುದಿನವೇ ಶುರುವಾಯಿತು. ಮೊಟ್ಟೆಗೆ ಕಾವು ಕೊಡುವವಳು ಒಂದು ಕಾಳಿಗಾಗಿ ಮರದ ಆ ಕೊನೆಗೆ ಹಾರಬೇಕು. ಬಿರುಕಿಗೆ ಮಣ್ಣು ಮೆತ್ತಲು ಈ ಕೊನೆಗೆ ಓಡಬೇಕು. ಒಬ್ಬ ತನ್ನ ಬಾಗಿಲ ಎಳೆ ಎಳೆದರೆ ಇನ್ನೊಬ್ಬನ ಗೂಡು ತಲೆಕೆಳಗಾಗುತ್ತಿತ್ತು.

"ಯಾವನೋ ಅವನು? ಮಲಗಿದವನನ್ನು ಚೆಲ್ಲಿಬಿಟ್ಟನಲ್ಲ!"

"ನಾನೇನು ಮಾಡಲಿ? ನಮ್ಮ ಮನೆಯಲ್ಲಿ ಸೀನಿದೆ, ಅಷ್ಟೆ!"

ಸೀಗಜ್ಜಿ ತನ್ನ ಮೊಟ್ಟೆಗೆ ಕಾವು ಕೊಡುತ್ತಿದ್ದಳು. ಅವಳ ಗೂಡು ಅದರ ಪಾಡಿಗೆ ತೂಗುತ್ತಿತ್ತು.

ಒಂದು ಮಧ್ಯಾಹ್ನ ಗೀಜಗಗಳೆಲ್ಲ ಹುಲ್ಲುಗಾವಲಿಗೆ ಹೋದವು. ಸೀಗಜ್ಜಿ ತನ್ನ ಗೂಡಿನಲ್ಲಿದ್ದಳು. ನವಣಕ್ಕ ಮೊಟ್ಟೆಮನೆಯಲ್ಲಿ ಕಾವಿಗೆ ಕುಳಿತಿದ್ದಳು. ಕೆಂಬೂತ ಮಾವ ದಪ್ಪ ಕೊಂಬೆ ಹತ್ತಿದ. ಅಲ್ಲಿಂದ ಬಳ್ಳಿಯ ಮೇಲೆ ಕಾಲಿಟ್ಟ. ರೆಂಬೆ ಹೊರದ ಭಾರವನ್ನು ಬಿಗಿದ ಬಳ್ಳಿ ಹೊತ್ತಿತು. ಗೂಡಿನಿಂದ ಗೂಡಿಗೆ ನಡೆದೇ ಬಂದ.

"ಅಯ್ಯೋ, ಮಾವ! ಇಲ್ಲಿಗ್ಯಾಕೆ ಬಂದೆ?"

"ಬಳ್ಳಿ ಗಟ್ಟಿ ಇದೆಯೋ ಇಲ್ಲವೋ ನೋಡೋಣವೆಂದು ಬಂದೆ, ಮಗಳೇ. ಸ್ವಲ್ಪ ಆಚೆ ಸರಿ."

ಸೀಗಜ್ಜಿ ಹೊರಗೆ ಬಂದು ಕೂಗಿದಳು. ಕಾಡು ಕೇಳುವಂತೆ ಕೂಗಿದಳು. ಎಲ್ಲರಿಗಿಂತ ಮೊದಲು ದರ್ಭಯ್ಯ ಹಾರಿ ಬಂದ. ಕೆಂಬೂತನನ್ನು ಉದುರಿಸಲು ಬಳ್ಳಿ ಹಿಡಿದು ಜಗ್ಗಿದ. ಕೆಂಬೂತ ಉದುರಲಿಲ್ಲ. ಮೊಟ್ಟೆಮನೆ ವಾಲಿತು. ಮೊಟ್ಟೆಗಳು ಬಾಗಿಲ ಕಡೆಗೆ ಉರುಳಿದವು. ನವಣಕ್ಕ ರೆಕ್ಕೆ ಅಡ್ಡ ಹಿಡಿದು ಕಿರುಚಿದಳು.

"ಜಗ್ಗಬೇಡವೋ, ಪೆದ್ದ!" ಎಂದಳು ಸೀಗಜ್ಜಿ. "ಕತ್ತರಿಸು! ಮೊಟ್ಟೆಮನೆಯ ಗಂಟುಗಳನ್ನು ಕತ್ತರಿಸು!"

"ಮನೆ ಬಿದ್ದರೆ, ಅಜ್ಜಿ?"

"ಅದಕ್ಕೆ ತನ್ನ ರೆಂಬೆ ಇಲ್ಲವೇ? ಮರೆತೆಯಾ?"

ದರ್ಭಯ್ಯ ಗಂಟಿನ ಬಳಿಗೆ ಹಾರಿದ. ಕಣ್ಣು ಮುಚ್ಚಿ ಕಚ್ಚಿದ. ಅಷ್ಟರಲ್ಲಿ ಉಳಿದವರೂ ಬಂದರು. ದಿನವಿಡೀ ಹುಲ್ಲು ಸೀಳುವ ಕೊಕ್ಕುಗಳು. ಬಳ್ಳಿ ಯಾವ ಲೆಕ್ಕ? ಗಂಟುಗಳು ಪಟಪಟನೆ ಹರಿದವು. ಮೊಟ್ಟೆಮನೆ ಒಮ್ಮೆ ಓಲಾಡಿ ತನ್ನ ರೆಂಬೆಯಲ್ಲಿ ನೇರವಾಗಿ ನಿಂತಿತು.

ಕೆಂಬೂತನ ಕಾಲಡಿಯ ಬಳ್ಳಿ ಸಡಿಲವಾಯಿತು. ಅವನು ಅದನ್ನೇ ಅಪ್ಪಿಕೊಂಡ. ಅದು ಅವನನ್ನು ಸುತ್ತಿಕೊಂಡಿತು. ಬಳ್ಳಿಯ ಸಮೇತ ಕೆರೆಗೆ ಬಿದ್ದ. ಕೊಕ್ಕಿನವರೆಗೆ ಕೆಸರು ಮೆತ್ತಿಕೊಂಡು, ತಲೆಯ ಮೇಲೆ ಪಾಚಿ ಹೊತ್ತುಕೊಂಡು ದಡ ಹತ್ತಿದ.

"ಬಳ್ಳಿ ಗಟ್ಟಿ ಇತ್ತೇ, ಮಾವ?" ಎಂದು ನವಣಕ್ಕ ಮೇಲಿನಿಂದ ಕೇಳಿದಳು.

ಮಾವ ಪಾಚಿ ಕೊಡವಿಕೊಂಡ. ಕುಂಟುತ್ತ ಕಾಡಿನೊಳಗೆ ಹೋದ. ಆ ಕೆರೆಯ ಕಡೆ ಮತ್ತೆ ಬರಲಿಲ್ಲ.

ಸಂಜೆಯೊಳಗೆ ಉಳಿದ ಬಳ್ಳಿಗಳೂ ಹೋದವು. ಕಾಳು, ಮಣ್ಣು, ಮೊಟ್ಟೆ ಮನೆಮನೆಗೆ ಮರಳಿದವು. ಯಾವ ಮೊಟ್ಟೆ ಯಾರದೆಂದು ಗುರುತು ಸಿಗಲಿಲ್ಲ. ಅಂದಾಜಿನಲ್ಲಿ ಹಂಚಿಕೊಂಡರು. ಮರಿಗಳು ತಕರಾರು ಮಾಡಲಿಲ್ಲ. ಚೆನ್ನಾಗಿ ತಿಂದು ಬೆಳೆದವು.

ದರ್ಭಯ್ಯ ತಲೆ ತಗ್ಗಿಸಿ ಸೀಗಜ್ಜಿಯ ಬಳಿ ಬಂದ.

"ಬಳ್ಳಿ ಇಲ್ಲದೆ ಹೇಗಜ್ಜಿ? ಕಷ್ಟ ಬಂದರೆ?"

"ಕೂಗು. ಬರುತ್ತೇನೆ," ಎಂದು ಅಜ್ಜಿ ಒಳಗೆ ಹೋದಳು.

ನೀತಿ: ಒಂದು ಕೆಲಸಕ್ಕೆ ಬೇಕಾದುದೆಲ್ಲ ಒಂದೇ ಕಡೆ ಇರಲಿ, ಒಂದು ಭಾಗವನ್ನು ಇನ್ನೊಂದಕ್ಕೆ ಬಿಗಿಯಬೇಡಿ, ಬೇಕಾದಾಗ ಕರೆದರೆ ಸಾಕು. ಗೂಡು ಕಟ್ಟುವವರಿಗೂ ಸಾಫ್ಟ್‌ವೇರ್ ಕಟ್ಟುವವರಿಗೂ ಇದೇ ಮಾತು.